ಅಪಹಾಸ್ಯದ ನಗೆಯಲ್ಲಿ ಕೇಳುವವರ ಪಾಲು



ಸುಗ್ಗಿಯ ಕೆಲಸ ತೀರಿ ಕಣಗಳು ಬರಿದಾದ ಮೇಲೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗಳೂ ನಾಟಕಗಳೂ ನಡೆಯುವದು ನಿಮಗೆಲ್ಲರಿಗೂ ತಿಳಿದ ಸಂಗತಿಯೇ. ನಾಟಕವೆಂದ ಮೇಲೆ ಅದರಲ್ಲಿ ಒಬ್ಬ ಹಾಸ್ಯಗಾರನಿರಬೇಕು. ಅವನು ಒಂದು ಕಾಲನ್ನು ಎಳೆಯುತ್ತಾ ರಂಗದ ಮೇಲೆ ಬಂದರೆ, ಇಲ್ಲವೆ ಒಂದೊಂದು ಅಕ್ಷರಕ್ಕೂ ತಡವರಿಸಿ ಉಗ್ಗಿದರೆ, ಇಲ್ಲವೆ ಕಿವುಡನ ವೇಷ ಹಾಕಿ ಕೇಳಿದ್ದಕ್ಕೆಲ್ಲಾ ಅಡ್ಡ ಉತ್ತರ ಕೊಟ್ಟರೆ, ಕೂತ ಜನರು ಹೊಟ್ಟೆ ಹಿಡಿದುಕೊಂಡು ನಗುವರು. ಕ್ರಿಸ್ತಜಯಂತಿಯ ಕಾಲದಲ್ಲಿ ನಮ್ಮ ಸಭೆಗಳ ಯೌವನಸ್ಥರು ಆಡುವ ಆಟಗಳಲ್ಲಿಯೂ ಇಂಥ ವೇಷಗಳು ಇಲ್ಲವೆಂದು ಹೇಳುವ ಹಾಗಿಲ್ಲ. ಈಗಲಂತೂ ಜಾತ್ರೆಯ ತನಕ ಕಾಯಬೇಕಾದದ್ದಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿ ಇಂಥ ಕುಚೋದ್ಯಗಳು ಹಗಲಿರುಳೂ ದೊರೆಯುತ್ತವೆ. "ಇದರಲ್ಲಿ ತಪ್ಪೇನು? ನಗುವದೂ ಕೂಡದೋ?" ಎಂದು ಕೇಳುವವರುಂಟು. ಈ ಪ್ರಶ್ನೆಯು ಹಗುರವಾದದ್ದಲ್ಲ. ಒಬ್ಬನ ಅಂಗದ ಊನವನ್ನು ಹಿಡಿದು ಹಾಸ್ಯಮಾಡುವಲ್ಲಿ ದೋಷವು ಎಲ್ಲಿರುತ್ತದೆ? ಮಾತಿನಲ್ಲಿಯೋ, ಆಡುವವನ ಬಾಯಲ್ಲಿಯೋ, ಕೇಳಿ ನಗುವವರಲ್ಲಿಯೋ? ಇದನ್ನು ಸ್ವಲ್ಪ ಆಲೋಚಿಸೋಣ.

ಮೊದಲು ಈ ಹಾಸ್ಯವು ಯಾರನ್ನು ಕುರಿತದ್ದೆಂದು ನೋಡತಕ್ಕದ್ದು. ೨೦೧೧ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವಿಕಲರು ಸುಮಾರು ೨ ಕೋಟಿ ೬೮ ಲಕ್ಷ ಮಂದಿ. ಕರ್ನಾಟಕವೊಂದರಲ್ಲಿಯೇ ೧೩ ಲಕ್ಷಕ್ಕೆ ಮೇಲ್ಪಟ್ಟವರು. ಹೀಗಿರುವಲ್ಲಿ ಇವರು ಎಲ್ಲಿಯೋ ದೂರದಲ್ಲಿರುವವರಲ್ಲ, ನಮ್ಮ ಕೇರಿಯವರೇ, ನಮ್ಮ ಮನೆಯವರೇ. ಇಂಥವರಲ್ಲಿ ಎಷ್ಟು ಮಂದಿ ತಮ್ಮ ಸ್ವಂತ ಹೆಸರಿನಿಂದ ಕರೆಯಲ್ಪಡುತ್ತಾರೆ? ದೀಕ್ಷಾಸ್ನಾನದ ದಿವಸ ಸಭೆಯ ಮುಂದೆ ಒಂದು ಹೆಸರನ್ನು ಹೊಂದಿದ ಮಗುವು ಮೂರು ನಾಲ್ಕು ವರುಷಗಳಾಗುವಷ್ಟರಲ್ಲಿ "ಕುಂಟ" ಎಂತಲೋ "ಮೂಗಿ" ಎಂತಲೋ "ಪೆದ್ದ" ಎಂತಲೋ ಆಗಿಬಿಡುತ್ತದೆ. ಅಂಗಡಿಯಲ್ಲಿಯೂ ಹೊಲದಲ್ಲಿಯೂ ಅದೇ ಹೆಸರು; ಕಡೆಗೆ ಹೆತ್ತವರ ಬಾಯಲ್ಲಿಯೂ ಅದೇ. ಅಷ್ಟು ಸಾಲದೆ "ಕುಂಟನಿಗೆ ಎಂಟು ಚೇಷ್ಟೆ" ಎಂಬ ಗಾದೆಯೂ ಸಿದ್ಧವಾಗಿರುತ್ತದೆ. ಬೇರೆ ಹುಡುಗನು ಮಾಡಿದರೆ ತುಂಟತನವೆನಿಸುವ ಕೆಲಸವು ಇವನು ಮಾಡಿದರೆ ಅವನ ಕಾಲಿನ ಗುಣವೆಂದು ಎಣಿಸಲ್ಪಡುವದು.

ಹಾಗಾದರೆ ದೋಷವು ಆ ಶಬ್ದಗಳಲ್ಲಿಯೇ ಇದೆಯೋ? ಕುರುಡ, ಕುಂಟ, ಕಿವುಡ, ಮೂಗ ಎಂಬವು ಕನ್ನಡದ ಹಳೆಯ ಮಾತುಗಳು; ನಾವು ಓದುವ ಕನ್ನಡ ಸತ್ಯವೇದದಲ್ಲಿಯೂ ಅವು ಬರುತ್ತವೆ. ಅಲ್ಲಿ ಅವು ಒಬ್ಬನ ಸ್ಥಿತಿಯನ್ನು ತಿಳಿಸುವದಕ್ಕಾಗಿ ಬಂದಿವೆ, ನಗಿಸುವದಕ್ಕಾಗಿ ಅಲ್ಲ. ಆದರೂ ಬೀದಿಯಲ್ಲಿ ಬೈಗುಳವಾಗಿ ಸವೆದ ಮಾತು ಎಂದಿನ ಹಾಗೆ ಶುದ್ಧವಾಗಿ ಉಳಿಯುವದಿಲ್ಲ. ಅದಕ್ಕಾಗಿಯೇ ಸರಕಾರದವರು ಮೊದಲು "ಅಂಗವಿಕಲ" ಎಂತಲೂ ತರುವಾಯ "ವಿಕಲಚೇತನ" ಎಂತಲೂ ಬರೆಯತೊಡಗಿದರು. ೨೦೧೫ರ ಕಡೆಯಲ್ಲಿ ಪ್ರಧಾನಮಂತ್ರಿಗಳು "ದಿವ್ಯಾಂಗ" ಎಂಬ ಹೆಸರನ್ನು ಸೂಚಿಸಿದರು. ಅಂಗವಿಕಲರಲ್ಲಿಯೇ ಕೆಲವರು ಆ ಹೆಸರನ್ನು ಒಪ್ಪಲಿಲ್ಲ; ತಮಗೆ ಬೇಕಾದದ್ದು ದಿವ್ಯತ್ವವಲ್ಲ, ಸಮಾನತ್ವವೇ ಎಂಬದು ಅವರ ವಾದ. ಹೊಸ ಹೆಸರುಗಳಿಂದ ಪ್ರಯೋಜನವುಂಟು, ಆದರೆ ಹೃದಯವು ಬದಲಾಗದಿದ್ದರೆ ನಾಳೆ ಆ ಹೊಸ ಹೆಸರೂ ಗೇಲಿಯ ಮಾತಾಗುವದು. ಆದಕಾರಣ ಶಬ್ದವನ್ನು ಮಾತ್ರವಲ್ಲ, ಅದನ್ನು ಯಾತಕ್ಕಾಗಿ ಆಡುತ್ತೇವೆಂಬದನ್ನೂ ಶೋಧಿಸಬೇಕು. ವೈದ್ಯನ ಮುಂದೆ ರೋಗವನ್ನು ತಿಳಿಸುವದು ಬೇರೆ. ಹೆಸರಿದ್ದವನನ್ನು ಹೆಸರಿಲ್ಲದವನನ್ನಾಗಿ ಮಾಡುವದು ಬೇರೆ.

ಇಲ್ಲಿ ಒಂದು ಹಳೆಯ ಆಜ್ಞೆಯನ್ನು ನೆನಸುವದು ಯುಕ್ತ. ಯಾಜಕಕಾಂಡದ ೧೯ನೆಯ ಅಧ್ಯಾಯದ ೧೪ನೆಯ ವಚನದಲ್ಲಿ ಕಿವುಡನನ್ನು ಬೈಯುವದೂ ಕುರುಡನ ದಾರಿಯಲ್ಲಿ ಎಡವುವಂಥದನ್ನು ಇಡುವದೂ ನಿಷೇಧಿಸಲ್ಪಟ್ಟಿವೆ. ಕುರುಡನ ದಾರಿಯಲ್ಲಿ ಕಲ್ಲಿಟ್ಟರೆ ಅವನು ಬೀಳುವನು, ಅವನಿಗೆ ಗಾಯವಾಗುವದು. ಇದು ಮಗುವಿಗೂ ತಿಳಿಯುತ್ತದೆ. ಆದರೆ ಕಿವುಡನನ್ನು ಬೈದರೆ ಅವನಿಗೇನು ನಷ್ಟ? ಅವನಿಗೆ ಕೇಳಿಸುವದೇ ಇಲ್ಲವಲ್ಲ! ಕೇಳಿಸದ ಬೈಗುಳವನ್ನು ಯಾಕೆ ನಿಷೇಧಿಸಬೇಕು? ನಮ್ಮ ಪ್ರಶ್ನೆಗೆ ಉತ್ತರವು ಇಲ್ಲಿಯೇ ಅಡಗಿದೆ. ಕಿವುಡನಿಗೆ ಕೇಳಿಸದಿದ್ದರೂ ಸುತ್ತಲಿರುವವರಿಗೆ ಕೇಳಿಸುತ್ತದೆ. ಕೂಲಿಗೆ ಕರೆಯುವ ಯಜಮಾನನು ಕೇಳುತ್ತಾನೆ, ಶಾಲೆಯ ಮೇಷ್ಟ್ರು ಕೇಳುತ್ತಾರೆ, ಹೆಣ್ಣು ಕೊಡತಕ್ಕವರು ಕೇಳುತ್ತಾರೆ, ಮಡಿಲಲ್ಲಿ ಕೂತ ಮಗುವೂ ಕೇಳುತ್ತದೆ. ಈ ಮನುಷ್ಯನು ನಮಗಿಂತ ಕಡಿಮೆಯವನು, ಇವನನ್ನು ಲೆಕ್ಕಿಸಬೇಕಾದದ್ದಿಲ್ಲ ಎಂಬ ಪಾಠವನ್ನು ಅವರೆಲ್ಲರೂ ನಗುನಗುತ್ತಾ ಕಲಿಯುತ್ತಾರೆ. ಮರುದಿನ ಅವನು ಕೆಲಸ ಕೇಳಲು ಹೋದಲ್ಲಿಯೂ ಗ್ರಾಮಸಭೆಯಲ್ಲಿ ಮಾತಾಡಲು ಎದ್ದಲ್ಲಿಯೂ ಆ ಪಾಠವು ಅವನಿಗೆ ಅಡ್ಡವಾಗಿ ನಿಲ್ಲುವದು. ಹೀಗೆ ಬೈಗುಳವೂ ದಾರಿಯ ಕಲ್ಲೂ ಒಂದೇ ಆಜ್ಞೆಯಲ್ಲಿ ಸೇರಿರುವದು ಸುಮ್ಮನೆ ಅಲ್ಲ. ನಿನ್ನೆಯ ಹಾಸ್ಯವೇ ಇಂದಿನ ಎಡವುಗಲ್ಲು.

"ಅವನು ಇಲ್ಲಿ ಇಲ್ಲವಲ್ಲ" ಎಂಬ ನೆವವು ಇದರಿಂದ ಬಿದ್ದುಹೋಗುತ್ತದೆ. ಇನ್ನೊಂದು ನೆವವುಂಟು: "ಅವನೇ ನಮ್ಮ ಸಂಗಡ ನಗುತ್ತಾನೆ, ಅವನಿಗೆ ಬೇಸರವಿಲ್ಲ." ಪ್ರಿಯರೇ, ಅವನು ಯಾಕೆ ನಗುತ್ತಾನೆಂದು ಎಂದಾದರೂ ಕೇಳಿದ್ದೀರೋ? ನಗದೆ ಹೋದರೆ ಸಿಡುಕನೆಂಬ ಇನ್ನೊಂದು ಹೆಸರು ಬರುವದು, ಕಟ್ಟೆಯ ಮೇಲೆ ಕೂರುವದಕ್ಕೆ ಸ್ಥಳವೂ ತಪ್ಪುವದು. ಸಂಜೆಯ ಹೊತ್ತು ನಾಲ್ಕು ಮಂದಿಯ ಜೊತೆಯನ್ನು ಬಯಸುವ ಮನುಷ್ಯನು ಅದಕ್ಕಾಗಿ ತನ್ನ ಮಾನವನ್ನು ಬೆಲೆಯಾಗಿ ಕೊಡಬೇಕಾಗಿ ಬಂದರೆ, ಅಂಥ ನಗೆಯನ್ನು ಒಪ್ಪಿಗೆಯೆಂದು ತಿಳಿಯಬಾರದು.

ಹಾಗಾದರೆ ಹಾಸ್ಯವೇ ಪಾಪವೋ? ಎಂದಿಗೂ ಅಲ್ಲ. ಗುಬ್ಬಿಯ ವೀರಣ್ಣನವರು ಸದಾರಮೆ ನಾಟಕದಲ್ಲಿ ಕಳ್ಳನ ಪಾತ್ರವನ್ನು ಧರಿಸಿ ಕನ್ನಡಿಗರನ್ನು ಎಷ್ಟೋ ಕಾಲ ನಗಿಸಿದರು. ಆ ನಗೆಯು ಹುಟ್ಟಿದ್ದು ಕಳ್ಳನ ಚಾತುರ್ಯದಿಂದ, ಯಾರ ಕೈಕಾಲಿನ ಕುಂದಿನಿಂದಲೂ ಅಲ್ಲ. ಇನ್ನೂ ಒಂದು ಸಂಗತಿಯನ್ನು ಗಮನಿಸಿರಿ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡಿಸಿದ ಪಂಚಾಕ್ಷರ ಗವಾಯಿಗಳಿಗೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಕುರುಡರಾದ ಮತ್ತು ದಿಕ್ಕಿಲ್ಲದ ಮಕ್ಕಳಿಗೆ ಅಲ್ಲಿ ಅನ್ನವೂ ಸಂಗೀತವೂ ದೊರೆತವು. ಪುಟ್ಟರಾಜ ಗವಾಯಿಗಳು ತಾವೇ ನಾಟಕಗಳನ್ನು ರಚಿಸಿ ನಾಟಕಸಂಘವನ್ನೂ ನಡಿಸಿದರು. ೨೦೧೦ರಲ್ಲಿ ಪದ್ಮಭೂಷಣವನ್ನು ಪಡೆದು ಅದೇ ವರುಷ ತೀರಿಹೋದರು. ಯಾವ ರಂಗದ ಮೇಲೆ ಕುರುಡನ ವೇಷವು ನಗೆಗೀಡಾಗುತ್ತಿತ್ತೋ ಅಂಥ ರಂಗವನ್ನೇ ಕಣ್ಣಿಲ್ಲದವರು ತಮ್ಮ ಕೈಗೆ ತೆಗೆದುಕೊಂಡರು. ಅವರನ್ನು ನಾಡಿನವರು "ಗವಾಯಿಗಳು" ಎಂದು ಅವರ ವಿದ್ಯೆಯ ಹೆಸರಿನಿಂದ ಕರೆದರೇ ಹೊರತು ಕಣ್ಣಿನ ಹೆಸರಿನಿಂದ ಕರೆಯಲಿಲ್ಲ. ದೊಡ್ಡ ವಿದ್ವಾಂಸರಿಗೆ ಸಲ್ಲುವ ಈ ಮರ್ಯಾದೆಯು ವಿದ್ಯೆಯಿಲ್ಲದ ಬಡವನಿಗೆ ಯಾಕೆ ಸಲ್ಲಬಾರದು?

ಹಾಸ್ಯದ ಈ ಎರಡು ವಿಧಗಳನ್ನು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ ವಿಂಗಡಿಸಿ ತೋರಿಸಿದೆ. "ಆಂಖ್ ಮಿಚೋಲಿ" ಎಂಬ ಹಿಂದೀ ಚಲನಚಿತ್ರವು ಅಂಗವಿಕಲರನ್ನು ಹೀಯಾಳಿಸುತ್ತದೆಂದು ಸ್ವತಃ ಅಂಗವಿಕಲರಾದ ನಿಪುಣ್ ಮಲ್ಹೋತ್ರಾ ಎಂಬವರು ತಂದ ಮೊಕದ್ದಮೆಯಲ್ಲಿ ೨೦೨೪ರ ಜುಲೈ ೮ರಂದು ತೀರ್ಪಾಯಿತು. ಊನವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುವದಕ್ಕೆ ಸಹಾಯಮಾಡುವ ಹಾಸ್ಯವು ಒಂದು, ಊನವಿರುವವರನ್ನು ಕುಗ್ಗಿಸುವ ಹಾಸ್ಯವು ಇನ್ನೊಂದು. ಇವೆರಡನ್ನು ಒಂದೇ ಎಂದು ಎಣಿಸಕೂಡದೆಂದು ನ್ಯಾಯಾಧೀಶರು ಹೇಳಿದರು. ಅಂಗವಿಕಲರನ್ನು ಕುರಿತು ಚಿತ್ರ ತೆಗೆಯುವವರು ಅವರನ್ನೇ ಸೇರಿಸಿಕೊಂಡು ಆಲೋಚಿಸತಕ್ಕದ್ದೆಂದೂ ಸೂಚಿಸಿದರು.

ಶಿಕ್ಷೆಯ ಕಾನೂನೂ ಇದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೯೨ನೆಯ ಕಲಮಿನ ಪ್ರಕಾರ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಅಂಗವಿಕಲನನ್ನು ಮಾನಗೆಡಿಸಬೇಕೆಂಬ ಉದ್ದೇಶದಿಂದ ಬೇಕೆಂದೇ ಅವಮಾನಪಡಿಸಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರುಷಗಳ ವರೆಗಿನ ಸೆರೆಯೂ ದಂಡವೂ ಉಂಟು. ೨೦೨೫ರಲ್ಲಿ ಕೆಲವು ಹಾಸ್ಯಗಾರರ ಮಾತುಗಳು ಅದೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದವು. ಸ್ನಾಯುಗಳು ಕ್ಷಯಿಸುವ ರೋಗಕ್ಕೆ ಗುರಿಯಾದ ಎರಡು ತಿಂಗಳ ಕೂಸಿಗೆ ೧೬ ಕೋಟಿ ರೂಪಾಯಿ ಬೆಲೆಯ ಚುಚ್ಚುಮದ್ದು ಬೇಕಾದದ್ದನ್ನೂ ಒಬ್ಬನು ನಗೆಯ ವಿಷಯವಾಗಿ ಮಾಡಿದ್ದನು. ಆಗಸ್ಟ್ ತಿಂಗಳಲ್ಲಿ ನ್ಯಾಯಾಲಯವು ಅವರಿಗೆ ಕ್ಷಮೆ ಬೇಡಬೇಕೆಂದು ಹೇಳಿತು. ನವೆಂಬರಿನಲ್ಲಿ ಅಂಥ ರೋಗಿಗಳ ಚಿಕಿತ್ಸೆಗಾಗಿ ಕಾರ್ಯಕ್ರಮಗಳನ್ನು ನಡಿಸಿ ಹಣ ಕೂಡಿಸಬೇಕೆಂದು ವಿಧಿಸಿತು. ಕೆಡಿಸಿದ ನಾಲಿಗೆಯಿಂದಲೇ ಕಟ್ಟಿಸಬೇಕೆಂಬ ಈ ವಿಧಿಯು ಆಲೋಚನೆಗೆ ಯೋಗ್ಯವಾದದ್ದು. ಆದರೂ ಕಾನೂನಿನ ಕೈ ಹಳ್ಳಿಯ ಕಟ್ಟೆಯ ತನಕ ಚಾಚುವದು ವಿರಳ. ಒಂದು ಗೇಲಿಯ ಮಾತಿಗಾಗಿ ಯಾರು ಠಾಣೆಗೆ ಹೋಗುವರು? ಹೋದರೂ ಆಡಿದವನನ್ನು ಹಿಡಿಯಬಹುದೇ ಹೊರತು ನಕ್ಕವರನ್ನು ಹಿಡಿಯಲಾಗದು. ಆ ನಗೆಯೇ ಅವನಿಗೆ ಕೂಲಿ. ಕೂಲಿ ದೊರೆಯುವ ತನಕ ಅವನು ಆ ಕೆಲಸವನ್ನು ಬಿಡುವದಿಲ್ಲ.

ಇದನ್ನು ನಮ್ಮ ಸಭೆಗಳವರು ಬೇರೆಯವರಿಗಿಂತ ಬೇಗ ತಿಳುಕೊಳ್ಳಬೇಕು. ನಮ್ಮಲ್ಲಿ ಅನೇಕರ ತಂದೆತಾತಂದಿರು ಊರ ಹೊರಗಿನ ಕೇರಿಗಳಲ್ಲಿ ವಾಸಿಸಿದವರು. ಅವರಿಗೂ ಹೆಸರುಗಳಿದ್ದವು; ಆದರೂ ಜಾತಿಯ ಹೆಸರಿನಿಂದಲೇ ಅವರನ್ನು ಕೂಗುತ್ತಿದ್ದರು, ಅದನ್ನು ಕೇಳಿ ನಗುವವರೂ ಇದ್ದರು. ಆ ಹೆಸರು ಎಷ್ಟು ಆಳಕ್ಕೆ ಇಳಿಯುತ್ತದೆಂಬದನ್ನು ಬಲ್ಲವರಿಗೆ ಬೇರೆ ಸಾಕ್ಷಿ ಬೇಡ. ೧೯೮೯ರಲ್ಲಿ ಪರಿಶಿಷ್ಟರ ಮೇಲಿನ ದೌರ್ಜನ್ಯವನ್ನು ತಡೆಯುವ ಕಾಯಿದೆಯಾಯಿತು. ಅಂಗವಿಕಲರ ಅವಮಾನವನ್ನು ತಡೆಯುವದಕ್ಕೂ ಅಂಥದೇ ಕಟ್ಟುನಿಟ್ಟಾದ ಕಾನೂನನ್ನು ಯಾಕೆ ಆಲೋಚಿಸಬಾರದೆಂದು ೨೦೨೫ರ ನವೆಂಬರಿನಲ್ಲಿ ನ್ಯಾಯಾಲಯವು ಕೇಂದ್ರ ಸರಕಾರವನ್ನು ಕೇಳಿತು. ಎರಡು ನೋವುಗಳೂ ಒಂದೇ ಬೇರಿನವೆಂದು ನ್ಯಾಯಾಧೀಶರಿಗೆ ತೋಚಿರುವಾಗ, ಒಂದನ್ನು ಅನುಭವಿಸಿದ ನಾವು ಇನ್ನೊಂದಕ್ಕೆ ನಗುವದು ಹೇಗೆ?

ಇದಕ್ಕೆ ಅಮೇರಿಕದಿಂದ ಒಂದು ದೃಷ್ಟಾಂತವುಂಟು. ೨೦೨೨ರ ಜೂನ್ ತಿಂಗಳಲ್ಲಿ ಲಿಜೋ ಎಂಬ ಕಪ್ಪು ವರ್ಣದ ಗಾಯಕಿಯ ಹೊಸ ಹಾಡೊಂದರಲ್ಲಿ ಕೈಕಾಲುಗಳ ಹಿಡಿತ ತಪ್ಪಿದವರನ್ನು ಹೀಯಾಳಿಸುವ ಮಾತೊಂದು ಬಂದಿತ್ತು. ಅದೇ ತೊಂದರೆಯುಳ್ಳ ಆಸ್ಟ್ರೇಲಿಯದ ಒಬ್ಬ ತರುಣ ಲೇಖಕಿಯು ಆ ಮಾತಿನಿಂದ ತನಗಾದ ನೋವನ್ನು ಬಹಿರಂಗವಾಗಿ ಬರೆದಳು. ಬೇರೆಯವರೂ ಹಾಗೆಯೇ ಹೇಳಿದರು. ಗಾಯಕಿಯು ವಾದಿಸಲಿಲ್ಲ. ತನ್ನ ಮೈಯನ್ನೂ ಬಣ್ಣವನ್ನೂ ಹಿಡಿದು ಜನರು ಆಡಿದ ಮಾತುಗಳನ್ನು ತಾನು ಬಲ್ಲೆನೆಂದು ಒಪ್ಪಿ, ಕೆಲವೇ ದಿನಗಳಲ್ಲಿ ಆ ಮಾತನ್ನು ತೆಗೆದುಹಾಕಿ ಹಾಡನ್ನು ಮತ್ತೆ ಹೊರಡಿಸಿದಳು. ಇಲ್ಲಿ ಹೇಳಿದವಳು ನೋವನ್ನು ತಿಳಿಸಿದಳು, ಕೇಳಿದವಳು ತಿದ್ದಿಕೊಂಡಳು.

ಹೀಗಿರುವಲ್ಲಿ ಇಂಥ ಮಾತು ನಮ್ಮ ಕಿವಿಗೆ ಬಿದ್ದಾಗ ಏನು ಮಾಡತಕ್ಕದ್ದು? ಆಡಿದವನನ್ನು ಅದಕ್ಕಿಂತ ಹೊಲಸಾದ ಮಾತಿನಿಂದ ಬೈಯುವದು ಉತ್ತರವಲ್ಲ. ಹತ್ತು ಮಂದಿ ಸೇರಿ ಅವನ ಮೇಲೆ ಬೀಳುವದೂ ಉತ್ತರವಲ್ಲ. ಅದರಿಂದ ಅವಮಾನವು ಕಡಿಮೆಯಾಗದೆ ಇಬ್ಬರಿಗೆ ಹಂಚಲ್ಪಡುವದು. ಸುಮ್ಮನಿರುವದಾದರೋ ಒಪ್ಪಿಗೆಯೆಂದು ಎಣಿಸಲ್ಪಡುವದು. ನನಗೆ ತೋಚುವ ದಾರಿಗಳು ಇವು.

ಮೊದಲನೆಯದಾಗಿ, ನಗಬಾರದು. ಇದು ಸಣ್ಣದೆಂದು ತೋರಿದರೂ ಸುಲಭವಲ್ಲ. ಎಲ್ಲರೂ ನಗುವಾಗ ಒಬ್ಬನು ಗಂಭೀರವಾಗಿ ಕೂರುವದಕ್ಕೆ ಧೈರ್ಯ ಬೇಕು. ಎರಡನೆಯದಾಗಿ, ಆ ಮನುಷ್ಯನ ನಿಜವಾದ ಹೆಸರನ್ನು ಅಲ್ಲಿಯೇ ಕೇಳಿಸುವ ಹಾಗೆ ಹೇಳಬೇಕು. ಯೆರಿಕೋವಿನ ದಾರಿಯಲ್ಲಿ ಕೂಗುತ್ತಿದ್ದ ಕುರುಡನನ್ನು ಸುಮ್ಮನಿರೆಂದು ಜನರ ಗುಂಪು ಗದರಿಸಿತು. ಮಾರ್ಕನಾದರೋ ಅವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಬರೆದಿಟ್ಟನು. ಮೂರನೆಯದಾಗಿ, ಆಡಿದವನನ್ನು ಏಕಾಂತದಲ್ಲಿ ಕಂಡು, "ಅಪ್ಪಾ, ನಿನ್ನ ಹಾಸ್ಯ ಚೆನ್ನಾಗಿರುತ್ತದೆ, ಆ ಮಾತೊಂದನ್ನು ಬಿಡು" ಎಂದು ಹೇಳಬೇಕು. ನಾಲ್ಕನೆಯದಾಗಿ, ಸಭೆಯಲ್ಲಿ ಆಟವನ್ನು ಸಿದ್ಧಮಾಡುವಾಗ ಹಿರಿಯರು ಮುಂಚಿತವಾಗಿ ನೋಡಿ, ಊರಿನ ಅಂಗವಿಕಲರನ್ನು ಅಭ್ಯಾಸಕ್ಕೆ ಕರೆದು ಅವರ ಅಭಿಪ್ರಾಯವನ್ನು ಕೇಳಬೇಕು. ಇಷ್ಟವಿದ್ದರೆ ಅವರಿಗೂ ಪಾತ್ರ ಕೊಡಬೇಕು, ಕಾಲಿನ ನಿಮಿತ್ತ ಅಲ್ಲ, ಕಂಠದ ನಿಮಿತ್ತ. ಅವರು ನಕ್ಕರೆ ನಾವೂ ನಿರ್ಭಯವಾಗಿ ನಗಬಹುದು.

ತಾಯಂದಿರೇ, ಮನೆಯಲ್ಲಿ ಮಕ್ಕಳು ಕುಂಟುವವನನ್ನು ಅಣಕಿಸಿ ನಡೆದು ತೋರಿಸುವಾಗ ನೀವು ಬಾಯಿಗೆ ಸೆರಗು ಹಿಡಿದು ನಗುವ ನಗೆಯನ್ನು ಅವರು ಮರೆಯುವದಿಲ್ಲ. ಸ್ತೋತ್ರಮಾಡುವ ಬಾಯಿಯಿಂದಲೇ ಶಾಪವೂ ಹೊರಡುವದು ಸರಿಯಲ್ಲವೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಎಚ್ಚರಿಸಿದ್ದಾನೆ. ನಾಲಿಗೆಗೆ ಹೇಳಿದ ಮಾತನ್ನು ನಗುವಿಗೂ ಹೇಳಿಕೊಳ್ಳೋಣ. ಬರುವ ಭಾನುವಾರ ಆರಾಧನೆ ಮುಗಿದು ಹೊರಗೆ ಬರುವಾಗ, ಬಾಗಿಲ ಬಳಿಯಲ್ಲಿ ಕೋಲು ಊರಿ ನಿಂತಿರುವವರನ್ನು ಅವರ ಹೆಸರು ಹಿಡಿದು ಮಾತಾಡಿಸಿರಿ; ಹೆಸರು ತಿಳಿಯದಿದ್ದರೆ ಕೇಳಿ ತಿಳುಕೊಳ್ಳಿರಿ.