ಉಣಿಸದ ತಾಯ್ತನ

ಹೆರಿಗೆಯಾದ ಕೆಲವೇ ವಾರಗಳಲ್ಲಿ ಸ್ತನದ ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯಬೇಕಾಗಿ ಬಂದ ತಾಯಿಯು ಆ ಕಾಲದಲ್ಲಿ ಕೂಸಿಗೆ ಮೊಲೆಯುಣಿಸಬಾರದು. ಔಷಧದ ಅಂಶವು ಹಾಲಿನೊಡನೆ ಶಿಶುವಿನ ಒಡಲನ್ನು ಸೇರಬಲ್ಲುದು. ಕೂಸು ಹಸಿದು ಅಳುವಾಗ ಎದೆಯನ್ನು ಮರೆಮಾಡಿಕೊಳ್ಳುವ ಆಕೆಯು 'ನಾನೆಂಥ ತಾಯಿ!' ಎಂದು ತನ್ನನ್ನೇ ಹಳಿದುಕೊಳ್ಳುವಳು.

12ನೆಯ ಶತಮಾನದ ಶರಣರು ದಾಸೋಹದಲ್ಲಿ 'ನಾನು ನೀಡಿದೆ' ಎಂಬ ಭಾವಕ್ಕೆ ಎಡೆಗೊಡಲಿಲ್ಲ. ಉಣಿಸುವ ಕೈ ಯಾರದಾದರೇನು, ಉಣ್ಣುವ ಜೀವವು ತಣಿಯಬೇಕು. ವೈದ್ಯರು ಹೇಳಿದ ಪುಡಿಹಾಲನ್ನು ಅತ್ತೆಯು ಶುಚಿಯಾದ ಒಳಲೆಯಲ್ಲಿ ಕುಡಿಸಲಿ, ಪತಿಯು ಇರುಳೆದ್ದು ತೊಟ್ಟಿಲು ತೂಗಲಿ. ಅದು ಅವರ ದಾಸೋಹ. ಮದ್ದನ್ನು ಪ್ರಸಾದವೆಂದು ಸ್ವೀಕರಿಸಿ ಕೂಸಿಗಾಗಿ ತನ್ನ ಕಾಯವನ್ನು ಕಾಪಾಡಿಕೊಳ್ಳುವುದೇ ತಾಯಿಯ ಕಾಯಕ. ಉಣಿಸದೆ ಕಾಯುವುದೂ ತಾಯ್ತನವೇ. ಇದನ್ನರಿತ ಮನೆಯಲ್ಲಿ ಆಕೆಯನ್ನು ಹಳಿಯುವ ನಾಲಗೆಯಿರದು.