ಯೋಗ ಕೂಡಿಬಂದ ಮೇಲೆ ಕ್ಷೇಮ

ಅಂಚೆಯ ಕಾಗದಗಳ ಕಾಲದಲ್ಲಿ ನಮ್ಮ ಮನೆಗಳ ಪತ್ರಗಳೆಲ್ಲ ‘ಕ್ಷೇಮ’ ಎಂಬ ಮಾತಿನಿಂದಲೇ ಮೊದಲಾಗುತ್ತಿದ್ದವು. ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದಾದ ಮೇಲೆಯೇ ಉಳಿದ ಸುದ್ದಿ. ಹಿರಿಯರು ಯೋಗ ಮತ್ತು ಕ್ಷೇಮ ಎಂಬ ಎರಡು ಪದಗಳನ್ನು ಜೊತೆಗೂಡಿಸಿ ಹೇಳುತ್ತಿದ್ದರು. ಇಲ್ಲದ್ದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತನ್ನನ್ನು ನಂಬಿದವರ ಈ ಎರಡು ಹೊಣೆಗಳನ್ನೂ ತಾನೇ ಹೊರುವುದಾಗಿ ಭರವಸೆ ಕೊಡುತ್ತಾನೆ. 1956ರಲ್ಲಿ ಸ್ಥಾಪನೆಯಾದ ಭಾರತೀಯ ಜೀವ ವಿಮಾ ನಿಗಮವು ತನ್ನ ಧ್ಯೇಯವಾಕ್ಯವನ್ನು ಆ ಶ್ಲೋಕದಿಂದಲೇ ಆರಿಸಿಕೊಂಡಿದೆ. ಪಡೆಯುವುದಕ್ಕಿಂತ ಕಾಯುವುದು ಕಷ್ಟವೆಂಬ ಅರಿವು ದೇವರ ಮಾತಿನಲ್ಲಿಯೂ ಇದೆ, ವಿಮೆಯ ಮಾತಿನಲ್ಲಿಯೂ ಇದೆ.

ಗೋವೆಯ ದಕ್ಷಿಣದ ತುದಿಯಾದ ಈ ಕಾಣಕೋಣಕ್ಕೆ ನಮ್ಮವರಲ್ಲಿ ಹಲವರು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿಯೊಂದಿಗೆ ಬಂದವರು. ಪೋಳೆಯ ಗಡಿಯನ್ನು ದಾಟಿದರೆ ಮಾಜಾಳಿ, ಅದರಾಚೆ ಕಾರವಾರ. ಊರು ದೂರವಿರಲಿಲ್ಲ, ಕೈಯಲ್ಲಿದ್ದುದು ಮಾತ್ರ ಕಡಿಮೆಯಿತ್ತು. ಆ ಟ್ರಂಕಿಗೆ ಒಂದು ಬೀಗವಿತ್ತು, ಒಳಗೆ ಕದಿಯುವಂತಹದು ಹೆಚ್ಚೇನೂ ಇರಲಿಲ್ಲ. ಇಂದು ಮಕ್ಕಳು ಕಲಿತು ದುಡಿಯುತ್ತಿದ್ದಾರೆ. ಅವರಲ್ಲೊಬ್ಬರು ಎರಡೇ ಆಸನಗಳ, ನೆಲಕ್ಕೆ ತಾಗುವಷ್ಟು ತಗ್ಗಾದ, ಕನ್ನಡಿಯಂತೆ ಹೊಳೆಯುವ ಸ್ಪೋರ್ಟ್ಸ್ ಕಾರೊಂದನ್ನು ಮನೆಯ ಮುಂದೆ ತಂದು ನಿಲ್ಲಿಸಿದರೆ ನಮಗೆ ಹೆಮ್ಮೆಯೇ. ಆದರೆ ಅದೇ ರಾತ್ರಿಯಿಂದ ಆ ಮನೆಯಲ್ಲಿ ಹೊಸ ಚಿಂತೆಯೂ ಹುಟ್ಟುತ್ತದೆ: ಯಾರಾದರೂ ಕದ್ದೊಯ್ದರೆ? ಮೊಳೆಯಿಂದ ಗೀಚಿದರೆ? ಪಡೆದದ್ದನ್ನು ಎಷ್ಟರಮಟ್ಟಿಗೆ ಕಾಯುವುದು ಧರ್ಮ, ಎಲ್ಲಿಂದ ಮುಂದೆ ಕಾವಲೇ ನಮ್ಮನ್ನು ಕೆಡಿಸತೊಡಗುತ್ತದೆ ಎಂಬ ಪ್ರಶ್ನೆಯನ್ನು ಈ ಕಾರಿನ ನೆಪದಲ್ಲಿ ನಾವು ಆಲೋಚಿಸಬಹುದು.

ಕಾಯುವುದು ಕರ್ತವ್ಯವೇ ಎಂಬುದನ್ನು ಮೊದಲಿಗೆ ಒಪ್ಪಿಕೊಳ್ಳೋಣ. ಕೀಲಿಯನ್ನು ಕಾರಿನಲ್ಲಿಯೇ ಬಿಟ್ಟು ಚಹಾ ಕುಡಿಯಲು ಹೋಗುವುದು ವೈರಾಗ್ಯವಲ್ಲ, ಅಸಡ್ಡೆ. ಅಂತಹ ಅಸಡ್ಡೆ ಕಂಡುಬಂದಲ್ಲಿ ವಿಮಾ ಸಂಸ್ಥೆಗಳು ಪರಿಹಾರ ಕೊಡಲು ತಕರಾರು ತೆಗೆಯುವುದೂ ಉಂಟು. ಇಂದಿನ ಕಾರುಗಳಲ್ಲಿ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಜರ್ ಇರುತ್ತದೆ. ಜೇಬಿನಲ್ಲಿದ್ದರೆ ಸಾಕು, ಬಾಗಿಲು ತಾನೇ ತೆರೆಯುವಂತಹ ಕೀಲಿಗಳಿಗೆ ಬೇರೊಂದು ಅಪಾಯವಿದೆ: ಮನೆಯೊಳಗಿರುವ ಕೀಲಿಯ ಸಂಕೇತವನ್ನು ಹೊರಗಿನಿಂದ ಹಿಡಿದು ಕಾರಿನವರೆಗೆ ಸಾಗಿಸಬಲ್ಲ ಉಪಕರಣಗಳಿವೆ. ಕೀಲಿಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕದೆ, ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿ ಇಡುವುದು ಇದಕ್ಕೆ ಸುಲಭದ ಉಪಾಯ. ಸ್ಟಿಯರಿಂಗಿಗೆ ಕಣ್ಣಿಗೆ ಕಾಣುವ ಬೀಗ, ಕಾರು ಎಲ್ಲಿದೆಯೆಂದು ತಿಳಿಸುವ ಜಿಪಿಎಸ್, ಬೆಳಕಿರುವ ಕಡೆ ನಿಲುಗಡೆ, 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ನೋಂದಣಿ ಫಲಕ, ಕಳವಾದೊಡನೆ ತಡಮಾಡದೆ ಪೊಲೀಸರಿಗೂ ವಿಮಾ ಸಂಸ್ಥೆಗೂ ದೂರು: ಇವಿಷ್ಟು ಸಾಮಾನ್ಯ ವಿವೇಕ. ಕಾನೂನು ಕಡ್ಡಾಯಗೊಳಿಸಿರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಮಾತ್ರ. ಕಳವಿಗೂ ಗೀಚಿದ ಹಾನಿಗೂ ಪರಿಹಾರ ಬೇಕೆಂದರೆ ಸಮಗ್ರ ವಿಮೆ ಬೇಕು. ಇದನ್ನು ನಮ್ಮಲ್ಲಿ ಹಲವರು ಗಮನಿಸುವುದಿಲ್ಲ.

ಇಷ್ಟಾದ ಮೇಲೆಯೂ ಕೆಲವು ಕಳ್ಳರನ್ನು ತಡೆಯಲಾಗದು. ವಿಮೆಯ ಲೆಕ್ಕದ ರೂಢಿಯಲ್ಲಿ ಹೊಸ ಕಾರಿನ ಮೌಲ್ಯ ಆರು ತಿಂಗಳು ಕಳೆದೊಡನೆ ಶೇಕಡಾ 15ರಷ್ಟು ಇಳಿಯುತ್ತದೆ. ಒಂದು ವರ್ಷ ದಾಟಿದರೆ ಶೇಕಡಾ 20, ನಾಲ್ಕು ವರ್ಷ ದಾಟಿದರೆ ಅರ್ಧಕ್ಕರ್ಧ. ಯಾರೂ ಬೀಗ ಮುರಿದಿಲ್ಲ, ಅಲಾರಂ ಕೂಗಿಲ್ಲ. ಕಾಲವು ಮೆಲ್ಲನೆ ಒಯ್ದಿದೆ. ನಮ್ಮ ಕರಾವಳಿಯ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. 2009ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾಣಕೋಣದಲ್ಲಿ ದಿಢೀರನೆ ಏರಿದ ನೆರೆಯನ್ನು ಕಂಡವರಿಗೆ ಬೀಗಗಳ ಮಿತಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕಾವಲಿಗೆ ಒಂದು ಎಲ್ಲೆಯಿದೆ. ಆ ಎಲ್ಲೆಯನ್ನು ಅರಿತು ಮಾಡಬೇಕಾದಷ್ಟನ್ನು ಮಾಡಿ ನಿದ್ರಿಸುವವನು ವಿವೇಕಿ. ರಾತ್ರಿ ನಾಲ್ಕು ಬಾರಿ ಎದ್ದು ಕಿಟಕಿಯಿಂದ ಇಣುಕುವವನ ಮನೆಯಲ್ಲಿ ಕಾರು ಕ್ಷೇಮವಾಗಿದೆ, ಯಜಮಾನ ಕ್ಷೇಮವಾಗಿಲ್ಲ.

ಕಳವು ಮತ್ತು ಹಾಳುಗೆಡವುವಿಕೆಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅವುಗಳ ಬೇರು ಬೇರೆ. ಕದಿಯುವವನಿಗೆ ವಸ್ತು ಬೇಕು, ಅವನನ್ನು ನಡೆಸುವುದು ಆಸೆ. ನಡುರಾತ್ರಿಯಲ್ಲಿ ಮೊಳೆಯಿಂದ ಬಣ್ಣ ಕೆರೆದು ಹೋಗುವವನಿಗೆ ಏನೂ ದಕ್ಕುವುದಿಲ್ಲ. ಯಾವ ಲಾಭವೂ ಇಲ್ಲದ ಈ ಕೆಡುಕನ್ನು ಅವನೇಕೆ ಮಾಡುತ್ತಾನೆ? ಕೆಲವೊಮ್ಮೆ ಅದು ಬರಿಯ ಕಿಡಿಗೇಡಿತನ. ಕೆಲವೊಮ್ಮೆ ಅಸೂಯೆ. ಮತ್ತೆ ಕೆಲವೊಮ್ಮೆ, ನೀನು ನನ್ನನ್ನು ಕಾಣಲೇ ಇಲ್ಲ ಎಂಬ ನೋವನ್ನು ಬಾಯಿಂದ ಹೇಳಲಾಗದೆ ಲೋಹದ ಮೇಲೆ ಬರೆದದ್ದು. ಸೈಲೆನ್ಸರಿನ ಅಬ್ಬರದಿಂದ ಪಕ್ಕದ ಮನೆಯ ಕೂಸು ಬೆಚ್ಚಿ ಎದ್ದಿರಬಹುದು. ಪಾಳೊಳೆಯ ಇಕ್ಕಟ್ಟಿನ ಹಾದಿಯಲ್ಲಿ ನಿಲ್ಲಿಸಿದ ಕಾರು ಮೀನಿನ ಬುಟ್ಟಿ ಹೊತ್ತವಳ ದಾರಿಯನ್ನು ಕಟ್ಟಿರಬಹುದು. ಕಾರಣವಿದ್ದ ಮಾತ್ರಕ್ಕೆ ಕೃತ್ಯ ಸರಿಯಾಗುವುದಿಲ್ಲ. ಕಾರಣವನ್ನು ಕೇಳದವನಿಗೆ ಮಾತ್ರ ಕೃತ್ಯ ಮತ್ತೆ ಮತ್ತೆ ಎದುರಾಗುತ್ತದೆ.

ನಮ್ಮ ಅಜ್ಜಿಯಂದಿರು ಇದನ್ನೇ ದೃಷ್ಟಿ ಎಂದು ಕರೆದರು. ಹೊಸ ವಾಹನ ಬಂದರೆ ಚಕ್ರದಡಿ ನಿಂಬೆಹಣ್ಣು ಇಡುವುದು, ಮುಂದೆ ನಿಂಬೆ ಮತ್ತು ಮೆಣಸಿನಕಾಯಿಯನ್ನು ಕಟ್ಟುವುದು, ಆಯುಧಪೂಜೆಯಂದು ಬೂದುಗುಂಬಳ ಒಡೆಯುವುದು ನಮ್ಮಲ್ಲಿ ಇಂದಿಗೂ ಉಳಿದಿವೆ. ನಿಂಬೆಹಣ್ಣು ಮೊಳೆಯನ್ನು ತಡೆಯುತ್ತದೆಯೇ ಎಂದು ನಗುವವರು ನಗಲಿ. ಆದರೆ ಆ ಸಂಪ್ರದಾಯದಲ್ಲಿ ಇನ್ನೊಂದು ಭಾಗವೂ ಇತ್ತು: ಪೂಜೆಯಾದೊಡನೆ ಕೇರಿಯ ಮನೆಮನೆಗೂ ಸಿಹಿ ಹಂಚುವುದು, ನೆರೆಮನೆಯ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಬರುವುದು. ನನ್ನ ಸಂತೋಷ ನಿನ್ನ ಕಣ್ಣಿಗೆ ಚುಚ್ಚದಿರಲಿ, ಅದರಲ್ಲಿ ನಿನಗೂ ಪಾಲಿರಲಿ ಎಂಬ ಬೇಡಿಕೆ ಅದರಲ್ಲಿತ್ತು. ನಾವು ನಿಂಬೆಹಣ್ಣನ್ನು ಉಳಿಸಿಕೊಂಡು ಸಿಹಿಯನ್ನು ಬಿಟ್ಟೆವು. ಅದರ ಜಾಗದಲ್ಲಿ ಕ್ಯಾಮೆರಾ ಬಂದಿತು.

ಕ್ಯಾಮೆರಾ ತಪ್ಪೇನೂ ಅಲ್ಲ. ಆದರೆ ಅದು ಯಾರ ಕಡೆಗೆ ತಿರುಗಿದೆ ಎಂಬುದನ್ನು ನೋಡಬೇಕು. ಕಾರಿನ ಮೇಲೊಂದು ಗೀರು ಕಂಡ ಬೆಳಿಗ್ಗೆ ನಮ್ಮ ಮನಸ್ಸು ಮೊದಲಿಗೆ ಯಾರನ್ನು ನೆನೆಯುತ್ತದೆ? ಪಕ್ಕದ ಕಟ್ಟಡದಲ್ಲಿ ಕಲ್ಲು ಹೊರುವ ಹುಡುಗನನ್ನು, ತರಕಾರಿ ಗಾಡಿಯವನನ್ನು, ಹೊಸದಾಗಿ ಬಾಡಿಗೆಗೆ ಬಂದ ಕೂಲಿಯವರನ್ನು. ಗೋವೆಯಲ್ಲಿ ಆ ಕಲ್ಲು ಹೊರುವವನು, ಆ ತರಕಾರಿಯವನು ಹಲವು ವೇಳೆ ಬೆಳಗಾವಿ, ಗದಗ, ವಿಜಯಪುರ, ಕೊಪ್ಪಳಗಳಿಂದ ಬಂದ ನಮ್ಮವನೇ. ಘಾಟಿಯವನು ಎಂಬ ಹೀನಾಯದ ಮಾತನ್ನು ಕೇಳಿ ನೊಂದವರು ನಾವು. ಎಲ್ಲಿ ಏನು ಕಳವಾದರೂ ಹೊರಗಿನವರ ಕೆಲಸವೆಂದು ಬೆರಳು ತೋರಿಸಿದಾಗ ಪ್ರತಿಭಟಿಸಿದವರೂ ನಾವೇ. ಅಂತಹ ನಾವು ಕಾರಿನ ಒಡೆಯರಾದೊಡನೆ ಅದೇ ಬೆರಳನ್ನು ಇನ್ನೂ ಏಣಿಯ ಕೆಳಗಿನ ಮೆಟ್ಟಿಲಲ್ಲಿರುವವನತ್ತ ಚಾಚುವುದಾದರೆ, ಕಳೆದುಕೊಂಡದ್ದು ಬಣ್ಣವೊಂದನ್ನೇ ಅಲ್ಲ.

ಸಂಶಯದ ಬೆಲೆ ಸಣ್ಣದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಮಿನಲ್ಲಿ ಇತರರ ಸ್ವತ್ತನ್ನು ಕೆಡಿಸುವ ಅಪರಾಧಕ್ಕೆ ಶಿಕ್ಷೆಯನ್ನು ಹಾನಿಯ ಮೊತ್ತಕ್ಕೆ ಹೊಂದಿಸಲಾಗಿದೆ. ಸಾಮಾನ್ಯವಾಗಿ ಆರು ತಿಂಗಳವರೆಗಿನ ಸೆರೆವಾಸ. ಹಾನಿ ಒಂದು ಲಕ್ಷ ರೂಪಾಯಿ ಮುಟ್ಟಿದರೆ ಐದು ವರ್ಷಗಳವರೆಗೆ. ಅಂದರೆ ಒಂದೇ ಮೊಳೆ, ಒಂದೇ ಕೈ, ಒಂದೇ ಉದ್ದದ ಗೀರು ಹಳೆಯ ಸ್ಕೂಟರಿನ ಮೇಲೆ ಬಿದ್ದರೆ ಒಂದು ತೂಕ, ದುಬಾರಿ ಕಾರಿನ ಮೇಲೆ ಬಿದ್ದರೆ ಇನ್ನೊಂದು. ಕಾನೂನು ಮೊತ್ತವನ್ನು ನೋಡಲೇಬೇಕು, ಅದನ್ನು ನಾವು ದೂರುವುದಿಲ್ಲ. ಆದರೆ ವಸ್ತುವಿನ ಬೆಲೆ ಏರಿದಂತೆ ಬೆರಳು ತೋರಿಸುವವನ ಹೊಣೆಯೂ ಏರುತ್ತದೆ. ಸಾಕ್ಷಿಯಿಲ್ಲದ ಒಂದು ಹೆಸರು ಠಾಣೆಗೆ ತಲುಪಿದರೆ ಹದಿನೆಂಟರ ಹುಡುಗನೊಬ್ಬನ ಬದುಕು ಗೀಚಿಹೋಗುತ್ತದೆ. ಅದಕ್ಕೆ ಮರುಬಣ್ಣ ಬಳಿಯುವ ಗ್ಯಾರೇಜು ಇಲ್ಲ.

ವಾಹನವು ಒಡೆಯನ ಗುರುತೂ ಹೌದು ಎಂಬುದು ಗಡಿನಾಡಿನವರಿಗೆ ಚೆನ್ನಾಗಿ ತಿಳಿದಿದೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ವಿವಾದದ ಬಿಸಿಯಲ್ಲಿ ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. 2022ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಹಿರೇಬಾಗೇವಾಡಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಿತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಅಲ್ಲಿ ಯಾರಿಗೂ ಯಾರ ಮೇಲೂ ವೈಯಕ್ತಿಕ ಹಗೆಯಿರಲಿಲ್ಲ. ಫಲಕದ ಮೇಲಿನ ಎರಡು ಅಕ್ಷರಗಳೇ ಅಪರಾಧವಾಗಿದ್ದವು. ಕಲ್ಲೆಸೆದವರಲ್ಲಿ ಕನ್ನಡದ ಹೆಸರು ಹೇಳಿಕೊಂಡವರೂ ಇದ್ದರೆಂಬುದನ್ನು ಕನ್ನಡದ ಹಬ್ಬದ ಈ ಸಂಚಿಕೆಯಲ್ಲಿ ಮರೆಮಾಚಬಾರದು. ಪರರಾಜ್ಯದಲ್ಲಿ ನೆಲೆಸಿರುವ ನಮಗೆ ನಮ್ಮ ವಾಹನದ ಕ್ಷೇಮವೂ ನಮ್ಮ ನಾಡಿನಲ್ಲಿ ಪರರ ವಾಹನದ ಕ್ಷೇಮವೂ ಒಂದೇ ಹಗ್ಗದ ಎರಡು ತುದಿಗಳು.

ಇನ್ನೊಂದು ಮಾತು. ಯೋಗಸೂತ್ರಗಳ ಯಮಗಳಲ್ಲಿ ಅಸ್ತೇಯ ಮತ್ತು ಅಪರಿಗ್ರಹ ಎರಡೂ ಸೇರಿವೆ. ನಮ್ಮ ನಾಡಿನಲ್ಲಿ ಆಳವಾಗಿ ಬೇರೂರಿದ ಜೈನಧರ್ಮದ ಐದು ವ್ರತಗಳಲ್ಲಿಯೂ ಇವು ಜೊತೆಯಾಗಿವೆ. ಕದಿಯಬಾರದು ಎಂಬುದು ಒಬ್ಬನಿಗೆ, ಕೂಡಿಡಬಾರದು ಎಂಬುದು ಇನ್ನೊಬ್ಬನಿಗೆ ಹೇಳಿದ ಮಾತಲ್ಲ. ಎರಡೂ ಒಬ್ಬನಿಗೇ ಹೇಳಿದ್ದು. ತೆರಿಗೆ ಉಳಿಸಲು ಬೇರೆ ಪ್ರದೇಶದ ವಿಳಾಸದಲ್ಲಿ ದುಬಾರಿ ಕಾರನ್ನು ನೋಂದಾಯಿಸಿ ಇಲ್ಲಿ ಓಡಿಸುವವನು, ತಾನು ಓಡಾಡುವ ರಸ್ತೆಯಿಂದಲೇ ಕದ್ದವನು. ಅಂತಹವನು ಕಳ್ಳರ ಕಾಲ ಬಂತೆಂದು ನಿಟ್ಟುಸಿರಿಡುವುದನ್ನು ಕೇಳಿದರೆ ನಗು ಬರುತ್ತದೆ.

ಬಸವಣ್ಣನವರ ಬಗೆಗೆ ಒಂದು ಕಥೆ ಪ್ರಚಲಿತವಿದೆ. ಕೊಟ್ಟಿಗೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದರೆಂಬ ಸುದ್ದಿ ಬಂದಾಗ, ತಾಯಿಯಿಲ್ಲದೆ ಕರುಗಳು ಕಂಗಾಲಾಗುತ್ತವೆ, ಅವನ್ನೂ ಕಳುಹಿಸಿಕೊಡಿ ಎಂದರಂತೆ. ಕಳವು ಸಲ್ಲದೆಂಬುದನ್ನು ನಡತೆಯ ನಿಯಮಗಳಲ್ಲಿ ಮೊದಲಿಗೆ ಇರಿಸಿದವರೂ ಅವರೇ. ಆದುದರಿಂದ ಇದು ಕಳ್ಳತನಕ್ಕೆ ಕೊಟ್ಟ ಒಪ್ಪಿಗೆಯಲ್ಲ. ವಸ್ತು ಹೋಯಿತೆಂಬ ಗಳಿಗೆಯಲ್ಲಿ ಅವರು ಕೇಳಿಕೊಂಡ ಪ್ರಶ್ನೆ ಬೇರೆಯದು: ಇದರಿಂದ ನಿಜವಾಗಿ ನೋಯುವವರು ಯಾರು? ಈ ಪ್ರಶ್ನೆ ನಮಗೆ ಒಂದು ಅಳತೆಗೋಲನ್ನು ಕೊಡುತ್ತದೆ. ಬಾಡಿಗೆ ಆಟೋ ಓಡಿಸುವವನ ಆಟೋ ಕಳವಾದರೆ ಅಂದಿನ ಅಕ್ಕಿಯೇ ಹೋಯಿತು. ಗಾರೆ ಕೆಲಸದವನ ಸೈಕಲ್ಲು ಹೋದರೆ ನಾಳಿನ ಕೂಲಿ ಹೋಯಿತು. ವಿಮೆ ಮಾಡಿಸಿದ ಸ್ಪೋರ್ಟ್ಸ್ ಕಾರು ಹೋದರೆ ಮನಸ್ಸಿಗೆ ಕಸಿವಿಸಿ, ಕಚೇರಿಗೆ ಹತ್ತಾರು ಓಡಾಟ, ಬಹಳವಾದರೆ ಒಂದು ಆಸೆಯ ಭಂಗ. ಎಲ್ಲವೂ ನಷ್ಟವೇ, ಆದರೆ ಒಂದೇ ನಷ್ಟವಲ್ಲ. ನಮ್ಮ ಕಾವಲಿನ ಶಕ್ತಿಯೆಲ್ಲ ಕೊನೆಯದಕ್ಕೇ ಖರ್ಚಾಗಿ, ಸೈಕಲ್ಲು ಕಳೆದುಕೊಂಡವನ ದೂರನ್ನು ಬರೆದುಕೊಡಲು ನಮ್ಮ ಸಂಘದಲ್ಲಿ ಒಬ್ಬರೂ ಸಿಗದಿದ್ದರೆ ಅಳತೆ ತಪ್ಪಿತೆಂದೇ ಅರ್ಥ.

ಈ ತಾಲ್ಲೂಕಿನಲ್ಲಿಯೇ ಕಾವಲಿನ ಎರಡು ಒಳ್ಳೆಯ ಮಾದರಿಗಳಿವೆ. ಲೋಲಯೆಯಲ್ಲಿ ಬೇತಾಳನ ಕಲ್ಲಿನ ವಿಗ್ರಹವಿದೆ. ಕೊಂಕಣದ ಹಳ್ಳಿಗಳಲ್ಲಿ ಬೇತಾಳನು ಊರು ಕಾಯುವವನು. ನಮ್ಮ ಕಡೆಯ ಕ್ಷೇತ್ರಪಾಲ, ಜಟ್ಟಿಗರಂತೆ ಅವನೂ ಯಾವುದೋ ಒಂದು ಮನೆಯ ಸಂಬಳದ ಕಾವಲುಗಾರನಲ್ಲ. ಇನ್ನೊಂದು ಮಾದರಿ ಗಾಲ್ಜಿಬಾಗ ಮತ್ತು ಅಗೊಂದದ ಮರಳಿನಲ್ಲಿದೆ. ಅಲ್ಲಿಗೆ ಕಡಲಾಮೆಗಳು ಬಂದು ಮೊಟ್ಟೆಯಿಟ್ಟು ಹಿಂದಿರುಗುತ್ತವೆ. ಒಂದು ಕಾಲದಲ್ಲಿ ಆ ಮೊಟ್ಟೆಗಳನ್ನು ಅಗೆದು ಒಯ್ಯುವುದಿತ್ತು. ಇಂದು ಅರಣ್ಯ ಇಲಾಖೆಯವರೂ ಊರಿನವರೂ ಗೂಡುಗಳ ಸುತ್ತ ಬೇಲಿ ಕಟ್ಟಿ, ಸುಮಾರು 50 ದಿನ ಕಾದು, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಆ ಮೊಟ್ಟೆಗೆ ಒಡೆಯನಿಲ್ಲ, ವಿಮೆಯಿಲ್ಲ. ಕಾದವನಿಗೆ ಅದು ದಕ್ಕುವುದೂ ಇಲ್ಲ. ಒಯ್ಯುತ್ತಿದ್ದ ಊರೇ ಕಾಯುವ ಊರಾದದ್ದು ಬೀಗದ ಬಲದಿಂದ ಮಾತ್ರ ಆಗಿರಲಾರದು. ಇದರ ಕ್ಷೇಮದಲ್ಲಿ ನಮಗೂ ಪಾಲಿದೆ ಎಂಬ ಭಾವನೆ ಹುಟ್ಟದೆ ಅದು ಆಗುವಂತಹದಲ್ಲ.

ಆದುದರಿಂದ ಹೊಸ ಕಾರು ತಂದ ನಮ್ಮ ಮಕ್ಕಳಿಗೆ ನಾವು ಹೇಳಬಹುದಾದುದು ಇಷ್ಟು. ಬೀಗ ಹಾಕಿ, ವಿಮೆ ಮಾಡಿಸಿ, ತೆರಿಗೆ ಕಟ್ಟಿ. ಇನ್ನೊಬ್ಬರ ದಾರಿಗೆ ಅಡ್ಡವಾಗಿ ನಿಲ್ಲಿಸಬೇಡಿ. ಗೇಟಿನ ಬಳಿ ರಾತ್ರಿಯೆಲ್ಲ ಎಚ್ಚರವಿರುವ ಕಾವಲುಗಾರನ ಊರು ಯಾವುದು, ಅವನ ಮಕ್ಕಳು ಶಾಲೆಗೆ ಹೋಗುತ್ತಿವೆಯೇ ಎಂದು ವಿಚಾರಿಸಿ. ಗೀರು ಕಂಡರೆ ಸಾಕ್ಷಿ ಹುಡುಕಿ, ಜಾತಿ, ಊರು, ಭಾಷೆಗಳನ್ನು ಹುಡುಕಬೇಡಿ. ಎರಡನೆಯ ಆಸನ ಖಾಲಿಯಿರುವಾಗ ಕೇರಿಯ ಒಂದು ಮಗುವನ್ನು ಕೂರಿಸಿಕೊಂಡು ಚಾವಡಿಯವರೆಗೆ ಹೋಗಿಬನ್ನಿ. ಮರುದಿನ ಆ ಕಾರಿನ ಬಳಿ ಅಪರಿಚಿತನೊಬ್ಬ ಸುಳಿದರೆ ಮೊದಲು ಕೂಗುವುದು ಆ ಮಗುವೇ.