ದ್ಯೂತತ್ಯಾಗವೂ ಪೋಕರ್ ಪಂದ್ಯಾವಳಿಯೂ



ದ್ಯೂತ, ಮಾಂಸ, ಮದ್ಯ, ವೇಶ್ಯೆ, ಬೇಟೆ, ಕಳವು, ಪರಸ್ತ್ರೀ ಎಂಬ ಸಪ್ತವ್ಯಸನಗಳ ಎಣಿಕೆ ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠವಾಗಿದೆ. ಆದರೆ ಈ ಏಳರಲ್ಲಿ ದ್ಯೂತಕ್ಕೇ ಮೊದಲ ಸ್ಥಾನವೇಕೆ ಎಂದು ವಿಚಾರಿಸುವವರು ಕಡಿಮೆ. ಉಳಿದ ಆರೂ ಮನೆಯೊಳಗೆ ನುಗ್ಗುವುದಕ್ಕೆ ಇದೇ ಹೆಬ್ಬಾಗಿಲು. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಈ ವ್ಯಸನಕ್ಕೆ ಯುಧಿಷ್ಠಿರನನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಗುಣಹೀನನೊಬ್ಬನನ್ನು ಹೆಸರಿಸದೆ ಧರ್ಮರಾಯನೆನಿಸಿದವನನ್ನು ಹೆಸರಿಸಿದುದರಲ್ಲಿಯೇ ನಮಗೆ ಎಚ್ಚರಿಕೆಯಿದೆ.

ಈಚೆಗೆ ಶ್ರಾವಕರೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡುವ, ಕಂದಮೂಲಗಳನ್ನು ಮುಟ್ಟದ ತರುಣನೊಬ್ಬನು ಗೋವೆಗೆ ಹೋಗಿ ಪೋಕರ್ ಪಂದ್ಯಾವಳಿಯಲ್ಲಿ ಕುಳಿತರೆ ಅವನ ವ್ರತಕ್ಕೆ ಭಂಗವುಂಟೆ? ತರುಣನ ವಾದ ಮೂರು ಬಗೆಯದು. ಇದು ಅದೃಷ್ಟದಾಟವಲ್ಲ, ಬುದ್ಧಿಯ ಆಟ. ಪ್ರವೇಶಧನವನ್ನು ಮೊದಲೇ ಕಟ್ಟುವುದರಿಂದ ನಷ್ಟಕ್ಕೆ ಮಿತಿಯುಂಟು. ಆಡುವವರೆಲ್ಲರೂ ಒಪ್ಪಿಯೇ ಕುಳಿತಿರುವುದರಿಂದ ಯಾರಿಗೂ ಮೋಸವಿಲ್ಲ.

ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ಐವತ್ತೆರಡು ಇಸ್ಪೀಟು ಎಲೆಗಳಲ್ಲಿ ಒಬ್ಬೊಬ್ಬನ ಕೈಗೆ ಗುಟ್ಟಾಗಿ ಎರಡು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಪ್ರವೇಶಧನ ಕಟ್ಟಿದವನಿಗೆ ಬಿಲ್ಲೆಗಳು ದೊರೆಯುತ್ತವೆ. ಪ್ರತಿ ಸುತ್ತಿನಲ್ಲಿಯೂ ಇಡಲೇಬೇಕಾದ ಕಡ್ಡಾಯದ ಪಣವು ಗೊತ್ತಾದ ಅವಧಿಗೊಮ್ಮೆ ಏರುತ್ತ ಹೋಗುತ್ತದೆ. ಆದುದರಿಂದ ಸುಮ್ಮನೆ ಕುಳಿತವನ ಬಿಲ್ಲೆಗಳೂ ಕರಗುತ್ತವೆ. ಬಿಲ್ಲೆ ಮುಗಿದವನು ಎದ್ದುಹೋಗಬೇಕು.

ಇದರಲ್ಲಿ ಬುದ್ಧಿಯ ಪಾತ್ರವಿದೆಯೆಂಬುದು ನಿಜ. ಒಟ್ಟು ವಸ್ತುಗಳಿಂದ ಇಷ್ಟಿಷ್ಟನ್ನು ಎಷ್ಟು ವಿಧವಾಗಿ ಆಯಬಹುದೆಂಬ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ನಮ್ಮ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾರೆ. ಆ ಲೆಕ್ಕದಂತೆ ಐವತ್ತೆರಡರಲ್ಲಿ ಎರಡು ಎಲೆಗಳನ್ನು 1,326 ವಿಧವಾಗಿಯೂ ಐದನ್ನು 25,98,960 ವಿಧವಾಗಿಯೂ ಆಯಬಹುದು. ಗಣಿತವು ಪಾಪವಲ್ಲ. ಆದರೆ ಜಾಣ್ಮೆಯಿದ್ದ ಮಾತ್ರಕ್ಕೆ ದ್ಯೂತವು ದ್ಯೂತವಲ್ಲದೆ ಹೋಗುವುದೆ? ಶಕುನಿಗೂ ಕೈಚಳಕವಿತ್ತು, ಆ ಚಳಕದಿಂದಾಗಿ ಹಸ್ತಿನಾವತಿಯ ಆಟವು ಧರ್ಮವಾಗಲಿಲ್ಲ. ಬೇಟೆಗಾರನಿಗೂ ಗುರಿಯಿದೆ, ಕಳ್ಳನಿಗೂ ಉಪಾಯವಿದೆ. ದ್ಯೂತದ ಲಕ್ಷಣ ಪಣವೇ ಹೊರತು ಅದೃಷ್ಟವಲ್ಲ. ದ್ಯೂತವನ್ನು ತ್ಯಜಿಸಿದವನು ಮನೋವಿನೋದಕ್ಕಾಗಿ ಬಾಜಿ ಕಟ್ಟುವುದೂ ದೋಷವೆಂದು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಎಚ್ಚರಿಸಿದ್ದಾರೆ.

ನ್ಯಾಯಾಲಯಗಳ ಮಾತನ್ನು ಕೆಲವರು ಮುಂದೊಡ್ಡುತ್ತಾರೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಪೋಕರ್ ಜೂಜೇ ಎಂದು ಗುಜರಾತ್ ಹೈಕೋರ್ಟು 2017ರಲ್ಲಿ ಹೇಳಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಕೌಶಲ, ಅದೃಷ್ಟಗಳ ಭೇದವೆಣಿಸದೆ ನಿಷೇಧಿಸಿತು. ರಾಜ್ಯದ ಕಟ್ಟಳೆ ಹೀಗೆ ಕಾಲಕಾಲಕ್ಕೆ ಬದಲಾಗುತ್ತದೆ. ಶ್ರಾವಕನ ವ್ರತವು ಅದನ್ನು ನೋಡಿಕೊಂಡು ಹಿಗ್ಗಿ ಕುಗ್ಗಬೇಕಾದುದಲ್ಲ.

ಇನ್ನು ಮಿತಿಯ ಮಾತು. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ 1970ರಿಂದ ನಡೆದುಬಂದಿರುವ ಪೋಕರ್ ವಿಶ್ವಸರಣಿಯೇ ಇಂತಹ ಪಂದ್ಯಾವಳಿಗಳಿಗೆ ಮಾದರಿ. 2023ರಲ್ಲಿ ಅದರ ಮುಖ್ಯ ಪಂದ್ಯಕ್ಕೆ ತಲೆಗೆ 10,000 ಡಾಲರು ಕಟ್ಟಿ 10,043 ಮಂದಿ ಕುಳಿತರು. ಪ್ರತಿ ಪ್ರವೇಶಧನದಲ್ಲಿ 700 ಡಾಲರು ಪಂದ್ಯ ನಡೆಸುವವರ ವೆಚ್ಚಕ್ಕೂ ಲಾಭಕ್ಕೂ ಮೊದಲೇ ಕಳೆದುಹೋಯಿತು. ಬಹುಮಾನ ದೊರೆತವರು 1,507 ಮಂದಿ. ಗೆದ್ದವನ 1 ಕೋಟಿ 21 ಲಕ್ಷ ಡಾಲರು ಜಗತ್ತಿಗೆಲ್ಲ ಸುದ್ದಿಯಾಯಿತು. ಬರಿಗೈಯಲ್ಲಿ ಎದ್ದುಹೋದ 8,536 ಮಂದಿಯ ಹೆಸರನ್ನು ಯಾರು ಬಲ್ಲರು? ಒಂದು ಪಂದ್ಯದ ನಷ್ಟಕ್ಕೆ ಮಿತಿಯಿರಬಹುದು. ಮುಂದಿನ ಪಂದ್ಯದ ಆಸೆಗೆ ಮಿತಿಯೆಲ್ಲಿ? ಪರಿಗ್ರಹ ಪರಿಮಾಣವ್ರತವು ಹಣಕ್ಕೆ ಹಾಕಿದ ಗೆರೆಯಂತೆ ತೋರಿದರೂ, ನಿಜವಾಗಿ ಅದು ಆಸೆಗೆ ಹಾಕಿದ ಗೆರೆ.

ಮೂರನೆಯ ವಾದವೇ ಸೂಕ್ಷ್ಮವಾದುದು. ಕೈಯಲ್ಲಿ ಹುಸಿ ಎಲೆಯನ್ನಿಟ್ಟುಕೊಂಡು ಬಲವಾದ ಎಲೆಯಿರುವಂತೆ ನಟಿಸಿ ಎದುರಾಳಿಯನ್ನು ಹಿಮ್ಮೆಟ್ಟಿಸುವುದು ಈ ಆಟದ ಜೀವಾಳ. ಎಲ್ಲರೂ ಒಪ್ಪಿ ಕುಳಿತಿರುವುದರಿಂದ ಇದನ್ನು ಸತ್ಯಾಣುವ್ರತದ ನೇರವಾದ ಭಂಗವೆನ್ನಲು ಹಿಂಜರಿಯಬಹುದು. ಆದರೂ ಆ ಕ್ಷಣದ ಪರಿಣಾಮವನ್ನು ಪರೀಕ್ಷಿಸಿರಿ. ವಂಚನೆ ಫಲಿಸಿತೆಂದು ಉಕ್ಕುವ ಸಂತೋಷಕ್ಕೆ ಶಾಸ್ತ್ರವು ಮೃಷಾನಂದವೆಂಬ ರೌದ್ರಧ್ಯಾನದ ಹೆಸರನ್ನಿಟ್ಟಿದೆ. ಎದುರು ಕುಳಿತವನ ಹುಬ್ಬಿನ ಚಲನೆ, ಮುಖಭಾವಗಳಿಂದ ಅವನ ಮನಸ್ಸನ್ನು ಅರಿತು ಅಸೂಯೆಯಿಂದ ಬಯಲುಮಾಡುವುದು ಸಾಕಾರಮಂತ್ರಭೇದವೆಂಬ ಅತಿಚಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇಲ್ಲಿ ಬಯಲುಮಾಡುವುದಿಲ್ಲ, ಬಂಡವಾಳವಾಗಿ ಬಳಸಿಕೊಳ್ಳುತ್ತಾರೆ; ಆದರೂ ಇದು ಆ ದೋಷದ ನೆರೆಮನೆಯೇ. ಇವನು ಸೋಲಲಿ, ಅವನು ಬೇಗ ಏಳಲಿ ಎಂದು ಗಂಟೆಗಟ್ಟಲೆ ಹಾರೈಸುವುದಾದರೋ ಅನರ್ಥದಂಡಗಳಲ್ಲೊಂದಾದ ಅಪಧ್ಯಾನ.

ಈಗ ಮೂಲಪ್ರಶ್ನೆಗೆ ಬರೋಣ. ಆಹಾರದೊಂದಿಗೆ ವಿಷಯ, ಕಷಾಯಗಳನ್ನೂ ಬಿಟ್ಟು ಆತ್ಮನ ಸಮೀಪದಲ್ಲಿ ನೆಲೆಸುವುದೇ ಉಪವಾಸ. ಹೊಟ್ಟೆಯನ್ನು ಬರಿದಾಗಿಸಿ ಲೋಭ, ಮಾಯೆಗಳಿಗೆ ಉಣಬಡಿಸಿದರೆ ಅದು ಲಂಘನವಾದೀತು, ತಪವಾಗದು. ಪಣಜಿಯ ಮಾಂಡವಿ ನದಿಯ ಮೇಲಿನ ಹಡಗಿನ ಕ್ಯಾಸಿನೊದಲ್ಲಿ ನಡುರಾತ್ರಿಯವರೆಗೆ ಎಲೆ ಹಿಡಿದು ಕುಳಿತವನಿಗೆ ಸಂಜೆಯ ಸಾಮಾಯಿಕ ಎಲ್ಲಿಂದ ಬರಬೇಕು? ಆದುದರಿಂದ ಉತ್ತರ ಸ್ಪಷ್ಟ: ದ್ಯೂತತ್ಯಾಗಕ್ಕೆ ಭಂಗವುಂಟು, ಏಕಾಶನದ ಫಲವೂ ಸೋರಿಹೋಗುತ್ತದೆ.

ಹಾಗೆಂದು ಆ ತರುಣನನ್ನು ಮನೆಯಿಂದಲೂ ಬಸದಿಯಿಂದಲೂ ದೂಡುವುದು ಸಲ್ಲದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣಗಳೂ ಸೇರಿವೆಯಲ್ಲವೆ? ಅವನ ದೋಷವನ್ನು ಬೀದಿಯಲ್ಲಿ ಸಾರದಿರಿ. ಆದರೆ ಮನೆಯೊಳಗೆ ಸಾಲವನ್ನು ಮುಚ್ಚಿಡಲು ಬಿಡದಿರಿ. ಸಾಲದ ಮೊತ್ತವನ್ನು ತಂದೆತಾಯಿಗಳೆದುರು ಅವನು ನಿರ್ಭಯವಾಗಿ ಹೇಳುವಂತಾಗಲಿ. ಮುಚ್ಚಿಟ್ಟ ಸಾಲವನ್ನು ತೀರಿಸಲೆಂದೇ ಮತ್ತೆ ಮೇಜಿನ ಮುಂದೆ ಕುಳಿತು ಕೆಟ್ಟವರು ಹಲವರು. ತಪ್ಪೊಪ್ಪಿದವನಿಗೆ ಪ್ರತಿಕ್ರಮಣದ ದಾರಿ ಎಂದೂ ತೆರೆದೇ ಇದೆ.

ಸ್ವಾಮಿ ಸಮಂತಭದ್ರರು ಕಾಲಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಆಜೀವನ ತ್ಯಾಗಕ್ಕೆ ಯಮವೆಂದೂ ಹೆಸರಿಟ್ಟಿದ್ದಾರೆ. ಆಜೀವನವೆಂದರೆ ಅಂಜುವ ತರುಣನು ಮುಂದಿನ ದಶಲಕ್ಷಣದವರೆಗೆ ಪಣವಿಟ್ಟು ಆಡುವುದಿಲ್ಲವೆಂದು ಜಿನಬಿಂಬದೆದುರು ನಿಯಮ ಹಿಡಿಯಲಿ. ಮನೆಯ ಹಿರಿಯರೂ ಅವನೊಡನೆ ಅದೇ ನಿಯಮವನ್ನು ಕೈಕೊಳ್ಳಲಿ. ದೀಪಾವಳಿಯ ರಾತ್ರಿ ಶಾಸ್ತ್ರಕ್ಕೆಂದು ಎಲೆ ಹಿಡಿಯುವ ಮನೆಯಲ್ಲಿ ಮಗನಿಗೆ ಬುದ್ಧಿ ಹೇಳುವ ಅಧಿಕಾರ ಯಾರಿಗಿದೆ? ವರ್ಷ ತುಂಬಿದ ಮೇಲೆ ಆ ನಿಯಮವನ್ನು ಯಮವಾಗಿಸುವ ಶಕ್ತಿ ತನ್ನಲ್ಲಿದೆಯೆಂಬುದನ್ನು ಅವನೇ ಕಂಡುಕೊಳ್ಳುವನು.

ಎಲ್ಲರಿಗೂ ವ್ರತದೃಢತೆ ಉಂಟಾಗಲಿ.